ಆದೋನಿಯ ಹಸಿರು ಕುಬಸ

"ಎನ್ನೋ ನೆಲಮ್ಮಾ?"

ಆದೋನಿಯ ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಯಲ್ಲಿ ಫಾರಂ ತುಂಬುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು. ಎಷ್ಟನೇ ತಿಂಗಳು ಎಂದು; ಅವಳ ಪೆನ್ನು ನಿಂತ ಖಾನೆ ನೋಡಿ ಅರ್ಥಮಾಡಿಕೊಂಡೆ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ, ವಯಸ್ಸು ನಲವತ್ತರ ಹತ್ತಿರ. ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಈ ಊರಿಗೆ ಬಂದ ಏಳು ತಿಂಗಳಲ್ಲಿ ನಾನು ಕಲಿತ ತೆಲುಗು ಎರಡೇ ಮಾತು: 'ಅವುನು' ಎಂದರೆ ಹೌದು, 'ಪರ್ವಾಲೇದು' ಎಂದರೆ ಪರವಾಗಿಲ್ಲ. ಎರಡೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಇಲ್ಲವೆಂದು ಕೈಯಾಡಿಸಿದೆ.

ಮಂಡ್ಯದ ಕಡೆಯವಳು ನಾನು. ಗಂಡನಿಗೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸ. ವರ್ಗವಾಯಿತೆಂದು ಆಂಧ್ರದ ಗಡಿಯ ಈ ಊರಿಗೆ ಬಂದೆವು. ಬೆಳಗ್ಗೆ ಅವರು ಕೋಸಗಿ ಕಡೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಮನೆಯಲ್ಲಿ ಕನ್ನಡವನ್ನೇ ಆಡುವ, ಹತ್ತಿ ವ್ಯಾಪಾರದ ಮನೆತನದ ಬಸಮ್ಮನವರ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಬೇಸಿಗೆಯಲ್ಲಿ ಅಲ್ಲಿಯ ಕಲ್ಲುಚಪ್ಪಡಿ ಕಾದ ಹೆಂಚು. ಸುಗ್ಗಿಯ ಕಾಲದಲ್ಲಿ ಹತ್ತಿಯ ಎಳೆ ಹಾರಿ ಬಂದು ಒಣಹಾಕಿದ ಸೀರೆಗೆ ಅಂಟುತ್ತದೆ. ನಮ್ಮೂರಲ್ಲಿ ಹಿತ್ತಿಲ ಹಿಂದೆಯೇ ನಾಲೆ ಹರಿಯುತ್ತಿತ್ತು, ಇಲ್ಲಿ ನಲ್ಲಿ ಬಂದ ದಿನವೇ ಹಬ್ಬ. ಬೆಳಗಿನ ತಿಂಡಿ ಉಗ್ಗಾಣಿ, ಅಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲ ದಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಎರಡನೇ ತಿಂಗಳಿಗೆ ನಾಲಿಗೆಗೆ ರುಚಿ ಹತ್ತಿತು. ಆಮೇಲೆ ಅದೂ ಸೇರದಾಯಿತು. ಎರಡು ತುತ್ತಿಗೇ ಹೊಟ್ಟೆ ಬಿರಿಯುವುದು, ಆಗಾಗ ವಾಂತಿ, ಸೀರೆಯ ನೆರಿಗೆ ಸಿಕ್ಕಿಸಲಾಗದಷ್ಟು ಬಿಗಿತ. ಇಲ್ಲಿಯ ನೀರು ಸರಿಯಿಲ್ಲ ಎಂದುಕೊಂಡೆ. ಏನೇ ಆದರೂ ಊರನ್ನೇ ಬೈಯುವುದು ನನ್ನ ಸ್ವಭಾವ.

ಸ್ಕ್ಯಾನಿಗೆ ಬಸಮ್ಮನವರೇ ಜೊತೆಗೆ ಬಂದಿದ್ದರು, ನನಗೆ ತೆಲುಗು ಬಾರದೆಂದು. ಒಳಗೆ ಮಾತ್ರ ನಾನೊಬ್ಬಳೇ. ಡಾಕ್ಟರಮ್ಮ ಪರದೆಯನ್ನು ಬಹಳ ಹೊತ್ತು ನೋಡಿ, "ನೀಟಿ ಬುಡಗ ಐತಮ್ಮ" ಅಂದರು. ನೀರಿನ ಗುಳ್ಳೆ. ಅಂಡಾಶಯದ ಮೇಲೆ, ದೊಡ್ಡ ನಿಂಬೆಹಣ್ಣಿನಷ್ಟು. "ಭಾಳ ಹೆಂಗಸ್ರಿಗೆ ಇರ್ತಾವು, ಭಯ ಪಡಬ್ಯಾಡ್ರಿ. ಆದ್ರ ಇದರಾಗ ಗಟ್ಟಿ ಭಾಗ ಕಾಣತೈತಿ. ತಗದು ಪರೀಕ್ಷಾ ಮಾಡಸದ ಏನಂತ ಹೇಳಾಕ ಆಗಂಗಿಲ್ಲ." ಹಾಗಾದರೆ ಕ್ಯಾನ್ಸರಾ ಎಂದು ಕೇಳಬೇಕಿತ್ತು. ಸೀರೆ ಸರಿಮಾಡಿಕೊಂಡು ಎದ್ದು ಬಂದೆ.

ಹೊರಗಿನ ಬೆಂಚಿನಲ್ಲಿ ಬಸಮ್ಮನವರ ಎರಡೂ ಪಕ್ಕ ತುಂಬು ಬಸುರಿಯರು. ಅಳುತ್ತಾ ಬಂದ ನನ್ನ ಮುಖವನ್ನು ಬಸಮ್ಮ ನೋಡಿದರು, ಹೊಟ್ಟೆ ನೋಡಿದರು, ಸೆರಗಿನಿಂದ ಕಣ್ಣೊರೆಸಿದರು. ಒಂದು ಮಾತೂ ಕೇಳಲಿಲ್ಲ. ದಾರಿಯಲ್ಲಿ ಆಟೊ ನಿಲ್ಲಿಸಿ ಒಂದು ಮೊಳ ಮಲ್ಲಿಗೆ ಕೊಂಡು ನನ್ನ ತಲೆಗೆ ಮುಡಿಸಿದರು. ನಮ್ಮೂರಿನವರಾಗಿದ್ದರೆ ಮನೆ ಸೇರುವಷ್ಟರಲ್ಲಿ ನೂರು ಪ್ರಶ್ನೆ ಕೇಳಿರುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ.

ಮುಂದಿನ ಶುಕ್ರವಾರ ಬೆಳಗ್ಗೆ ಕೆಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ಒಂದು ಹಸಿರು ಕುಬಸ ಕೈಗಿಟ್ಟರು. ಕುಬಸವೆಂದರೆ ರವಿಕೆ. "ಈಗ ಹಾಕ್ಕೊ. ಯಾರ ಮುಂದೂ ಅನಬ್ಯಾಡ." ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆಲ್ಲ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತೇವೆ; ಇಲ್ಲಿ ಹೊಲಿಸಿಯೇ ಕೊಡುತ್ತಾರೇನೋ ಎಂದುಕೊಂಡೆ. ಅಳತೆಗೆ ತಂತಿಯ ಮೇಲಿದ್ದ ನನ್ನ ರವಿಕೆಯನ್ನೇ ಒಯ್ದಿದ್ದರಂತೆ. ಖುಷಿಯಿಂದ ಹಾಕಿಕೊಂಡೆ.

ವಾರ ಕಳೆದ ಮೇಲೆ ಮೆಟ್ಟಿಲ ಬಳಿ ಮೆಲ್ಲಗೆ ಅಂದರು: "ಐದು ತುಂಬಲಿ, ಓಣಿ ಮಂದೀನ ಕರದು ದೊಡ್ಡ ಕುಬಸ ಮಾಡೂಣು. ನಿಮ್ಮವ್ವನ್ನ ಕರಸವ್ವ."

ಆಗ ತಿಳಿಯಿತು. ಬಸುರಿನ ಸುದ್ದಿ ಊರಿಗೆ ತಿಳಿಯುವ ಮೊದಲೇ, ಮೂರನೇ ತಿಂಗಳಲ್ಲಿ, ಗುಟ್ಟಾಗಿ ಹಸಿರು ಕುಬಸ ತೊಡಿಸುವುದು ಈ ಕಡೆಯ ಪದ್ಧತಿ. ಅದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಅಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನನ್ನ ಅಳುವನ್ನು ಅವರು ಹದಿನಾಲ್ಕು ವರ್ಷ ಕಾದವಳ ಸಂತೋಷವೆಂದು ತಿಳಿದಿದ್ದರು.

ಅಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ನಾಲ್ಕು ದಿನ ಆ ಸುಳ್ಳಿನೊಳಗೆ ಸುಖವಾಗಿದ್ದೆ. ಬಸಮ್ಮ ಕಳಿಸುತ್ತಿದ್ದ ಹುಳಿ ಮಾವಿನಕಾಯಿ ತಿಂದೆ, ವಾಂತಿ ಮಾಡಿಕೊಂಡೆ. ಗಂಡ ಹೊರಗೆ ಹೋದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗಿರುವುದು ನನ್ನನ್ನು ತಿನ್ನುವುದಕ್ಕೇ ಬೆಳೆಯುತ್ತಿರಬಹುದು ಎಂದು ನೆನೆದು ಕೈ ತೆಗೆದೆ. ರಕ್ತ ಪರೀಕ್ಷೆಯೂ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಎಂಬಂತೆ ಬಂತು. ಆಪರೇಷನ್ ಮೈಸೂರಿನಲ್ಲೇ ಆಗಲಿ, ನಮ್ಮ ಭಾಷೆಯ ಡಾಕ್ಟರಿದ್ದರೆ ಧೈರ್ಯ ಎಂದರು ಗಂಡ.

ಹೊರಡುವ ಹಿಂದಿನ ದಿನ ಕುಬಸ ಒಗೆದು ಮಡಿಸಿಕೊಂಡು ಕೆಳಗಿಳಿದು ಎಲ್ಲ ಹೇಳಿದೆ. ಬಸಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಮೊದಲಾ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಕಳ್ಳ ಕುಬಸಕ್ಕ ಕೇಳಬಾರದವ್ವ." ಆಮೇಲೆ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಕ್ಯಾನ್ಸರ್ ಅಂತಾರೇನು?"

ಆ ಮಾತನ್ನು ಬಾಯಿಬಿಟ್ಟು ಆಡಿದ ಮೊದಲ ಮನುಷ್ಯರು ಅವರು. "ಇರಬಹುದು, ಇಲ್ಲದೆಯೂ ಇರಬಹುದು" ಎಂದೆ. ಕುಬಸ ಮುಂದೆ ಚಾಚಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ತೊಟ್ಟ ಕುಬಸ ತಿರುಗಿ ತಗೊಳ್ಳೂದಿಲ್ಲ. ಹೊಟ್ಟಿಗೆ ಹಾಕಿದ್ದಲ್ಲ ಅದು, ನಿನಗ ಹಾಕಿದ್ದು."

ಮೈಸೂರಿನ ಡಾಕ್ಟರು ಅಚ್ಚ ಕನ್ನಡದಲ್ಲಿ ಗೆಡ್ಡೆ ಎಂದರು. ಧೈರ್ಯ ಬರಲಿಲ್ಲ. ಪರಭಾಷೆಯ ನೀರಿನ ಗುಳ್ಳೆಯೇ ಎಷ್ಟೋ ವಾಸಿಯಾಗಿತ್ತು. ಅಂಡಾಶಯ ಸಮೇತ ತೆಗೆದರು. ಬಯಾಪ್ಸಿ ವರದಿ ಬರುವವರೆಗೆ ಏನೂ ಹೇಳಲಾಗದು ಎಂದರು. ಅಮ್ಮನ ಮನೆಯಲ್ಲಿ ನನ್ನಿಷ್ಟದ ಬಸ್ಸಾರು, ಮೆತ್ತಗಿನ ಮುದ್ದೆ, ಬಿಸಿನೀರು, ಕಾಲೊತ್ತಲು ತಂಗಿ. ಆದರೆ ಬಾಯಿ ತೆರೆದರೆ ಸಾಕು, "ಏನೂ ಆಗಲ್ಲ, ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುವರು. ನಾನು ಕೋಣೆಗೆ ಬಂದರೆ ಮಾತು ನಿಲ್ಲುವುದು. ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು, ನನಗದು ಗೊತ್ತು. ಆದರೂ ನನ್ನ ಭಯದ ಜೊತೆ ಇಡೀ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊಲಿಗೆ ಬಿಚ್ಚಿದ ಮರುದಿನವೇ ಆದೋನಿಗೆ ಹೊರಡುತ್ತೇನೆಂದೆ.

"ತೌರಿಗಿಂತ್ಲೂ ಆ ಬಿಸ್ಲೂರೇ ಹೆಚ್ಚಾಗೋಯ್ತಾ ನಿಂಗೆ?" ಅಮ್ಮ ಕೇಳಿದಳು. ಬ್ಯಾಗು ಎತ್ತಿಕೊಂಡೆ. ಬಸ್ಸು ಮಂಡ್ಯ ದಾಟುವವರೆಗೆ ಅತ್ತೆ.

ವರದಿ ನಾಳೆ ಬರುತ್ತದೆ. ಗಂಡ ಡ್ಯೂಟಿಯಲ್ಲಿದ್ದಾರೆ. ಇಲ್ಲಿ ಬಿಸಿಲು ಹಾಗೇ ಇದೆ, ನಲ್ಲಿ ಬಂದು ನಾಲ್ಕು ದಿನವಾಯಿತು. ಹಸಿರು ಕುಬಸ ಹಾಕಿಕೊಂಡಿದ್ದೇನೆ. ಆಪರೇಷನ್ ಆದಮೇಲೆ ಮೈಯಿಳಿದು ಅದು ಭುಜದ ಹತ್ತಿರ ಜಾರುತ್ತದೆ.

ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು. "ಆರಾಮಾಗಿದೀನಮ್ಮ, ಏನೂ ಭಯ ಇಲ್ಲ" ಎಂದು ಇಟ್ಟೆ. ಮೆಟ್ಟಿಲಿಳಿದು ಕೆಳಗೆ ಹೋದೆ. ಬಸಮ್ಮ ಜೋಳ ಹಸನು ಮಾಡುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು, ಅವರದೇ ಮಾತಿನಲ್ಲಿ ಹೇಳಿದೆ: "ಹೆದರಿಕಿ ಆಗತೈತಿ, ಬಸಮ್ಮ."

"ಆಗತೈತವ್ವ," ಅಂದರು ಬಸಮ್ಮ. ಮೊರವನ್ನು ಸರಿಸಿ ನನಗೆ ಜಾಗ ಮಾಡಿದರು.