ಗಂಗಣ್ಣನ ಮೊದಲ ಲೋಟ

ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಇದನ್ನು ಓದಿ "ಕೊನೆಗೂ ದಾರಿಗೆ ಬಂದಳು" ಎಂದು ಯಾರೂ ಖುಷಿಪಡಬೇಕಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಕಡೂರಿನಿಂದ ತರೀಕೆರೆಯ ಮಿಡ್ಲ್ ಸ್ಕೂಲಿಗೆ ವರ್ಗವಾಯಿತು. ಬಸ್‌ಸ್ಟ್ಯಾಂಡಿನ ಪಕ್ಕದ ಗಲ್ಲಿಯಲ್ಲಿ ಗಂಗಣ್ಣನ ಟೀ ಅಂಗಡಿ. ತಗಡಿನ ಸೂರು, ಎರಡು ಬೆಂಚು, ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟವ್. ಬೆಳಿಗ್ಗೆ ಆರರಿಂದಲೇ ಡ್ರೈವರುಗಳು, ಮಂಡಿಯ ಹಮಾಲಿಗಳು, ತೆಂಗಿನಕಾಯಿ ವ್ಯಾಪಾರಿಗಳು ಜಾಗಕ್ಕೆ ಕಾದು ನಿಲ್ಲುತ್ತಿದ್ದರು. ಹೆಂಗಸರು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ನಾನು ಕೂತೆ. "ಮೇಡಂ, ಊರು ನೋಡುತ್ತೆ," ಎಂದರು ನಮ್ಮ ಹೆಡ್‌ಮಾಸ್ಟರು. "ನೋಡಲಿ ಸಾರ್, ನನಗೆ ಟೀ ಬೇಕು," ಎಂದೆ. ತಿಂಗಳೊಳಗೆ ಬೆಂಚಿನ ತುದಿ ನನ್ನದಾಯಿತು.

ಗಂಗಣ್ಣ ದಪ್ಪ ಆಳು, ಮಾತು ಕಡಿಮೆ. ಅವನ ಹೆಂಡತಿ ಸಿದ್ದಮ್ಮ ನಾನು ಆ ಊರಿಗೆ ಬರುವ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಆಕೆಯನ್ನು ನಾನು ಕಂಡವಳಲ್ಲ. ಅಂಗಡಿ ಶುರುಮಾಡಿದ್ದು ಆಕೆಯೇ ಅಂತೆ. ದಿನವೂ ಮೊದಲು ಇಳಿಸಿದ ಟೀಯಲ್ಲಿ ಒಂದು ಲೋಟ ಬಗ್ಗಿಸಿ ಗಂಗಣ್ಣ ಆಕೆಯ ಹೆಸರಿನಲ್ಲಿ ಹಲಗೆಯ ಮೇಲೆ ಇಡುತ್ತಿದ್ದ. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಅವರ ಒಬ್ಬಳೇ ಮಗಳು ಗೌರಿ ನನ್ನ ಏಳನೇ ಕ್ಲಾಸಿನಲ್ಲಿದ್ದಳು. ಲೆಕ್ಕದಲ್ಲಿ ಬಲು ಚುರುಕು. ದಸರಾ ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ವಿಚಾರಿಸಿದರೆ, ಅಜ್ಜಂಪುರದ ಸೋದರಮಾವನಿಗೆ ಕೊಡುವುದೆಂದು ಮಾತಾಗಿದೆ ಎಂದರು. ಹದಿಮೂರು ವರ್ಷದ ಹುಡುಗಿ! ಮಾರನೆಯ ಬೆಳಿಗ್ಗೆ ಏಳಕ್ಕೇ ಅಂಗಡಿಗೆ ಹೋದೆ.

"ಏನ್ ಗಂಗಣ್ಣ ಇದು?"

"ಅವ್ಳ ಅವ್ವನ ಆಸೆ ಮೇಡಮ್ಮೋರೆ. ತಮ್ಮಂಗೇ ಕೊಡ್ಬೇಕು ಅಂತಿತ್ತು."

"ಹಂಗಂತ ಬಾಯಿಬಿಟ್ಟು ಹೇಳಿದ್ರಾ?"

ಅವನು ತಲೆ ತಗ್ಗಿಸಿದ. "ಎಲ್ಲಿ ಹೇಳಿದ್ಲು? ಸಾಯೋ ಹೊತ್ಗೆ ಮಾತು ನಿಂತೋಗಿತ್ತು. ನನ್ ಕೈ ಹಿಡ್ಕಂಡು ಏನೋ ಹೇಳಕ್ಕೆ ಒದ್ದಾಡಿದ್ಲು. ಇದೇ ಇರ್ಬೇಕು ಅಂತ ಅವ್ಳ ತೌರಿನೋರೆಲ್ಲ ಅಂದ್ರು."

ನನಗೆ ರೇಗಿಹೋಯಿತು. ಸತ್ತವರ ಹೆಸರು ಹೇಳಿ ಬದುಕಿರುವ ಮಗುವಿನ ಕತ್ತು ಕೊಯ್ಯುವುದೇ? "ಸತ್ತೋರು ಟೀ ಕುಡಿಯಲ್ಲ, ಮದುವೆನೂ ಮಾಡಿಸಲ್ಲ," ಎಂದವಳೇ ಹಲಗೆಯ ಮೇಲಿದ್ದ ಲೋಟ ಎತ್ತಿ ಎಲ್ಲರೆದುರಿಗೇ ಗಟಗಟ ಕುಡಿದುಬಿಟ್ಟೆ. ಬೆಂಚಿನ ಮೇಲಿದ್ದವರು ಎದ್ದು ನಿಂತರು. ತಪ್ಪು ಮಾಡಿದೆ ಎಂದು ನನಗೆ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.

ಲೋಟ ಕೆಳಗಿಟ್ಟೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ನಾನು ಆಡಬೇಕೆಂದುಕೊಂಡ ಮಾತಲ್ಲ. ದನಿ ನನ್ನದೇ, ಆದರೆ ಪಕ್ಕದಲ್ಲಿ ಕೂತ ಯಾರದೋ ಮಾತನ್ನು ಕೇಳುವ ಹಾಗೆ ನಾನೇ ಅದನ್ನು ಕೇಳಿಸಿಕೊಂಡೆ.

"ಲೇ ಒಣಕ್ಲಾ, ಮಗೀನ ಓದು ಬಿಡಿಸ್ಬ್ಯಾಡ ಅನ್ನಕ್ಕೆ ಕಣೋ ನಾ ಒದ್ದಾಡಿದ್ದು."

ಟೀ ಸೋಸುತ್ತಿದ್ದ ಬಟ್ಟೆ ಗಂಗಣ್ಣನ ಕೈಯಿಂದ ಬಿತ್ತು. ಅವನು ಸ್ಟವ್ ಆರಿಸಿ, ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆದುಬಿಟ್ಟ. ನಾನು ಸ್ಕೂಲಿಗೆ ಹೋಗಿ ಹಾಜರಿ ಕೂಗಿದೆ, ಪಾಠ ಮಾಡಿದೆ.

ಮೂರನೆಯ ದಿನ ಗೌರಿ ಕ್ಲಾಸಿಗೆ ಬಂದಳು. ಮದುವೆಯ ಮಾತು ಅಲ್ಲಿಗೇ ನಿಂತಿತು.

ಊರು ಎರಡಾಯಿತು. ಸಿದ್ದಮ್ಮ ಮೇಡಂ ಮೈಮೇಲೆ ಬಂದಿದ್ದಳು ಎಂದು ಕೆಲವರು. ಹುಡುಗಿಯನ್ನು ಓದಿಸಲು ಮೇಡಂ ನಾಟಕ ಆಡಿದರು ಎಂದು ಉಳಿದವರು. ಕುಂಕುಮ ಹಚ್ಚಿ ಕಾಲು ಮುಟ್ಟಲು ಬಂದ ಒಬ್ಬ ಹೆಂಗಸನ್ನು ಬಾಗಿಲಲ್ಲೇ ತಡೆದು ಕಳಿಸಿದೆ. "ಚೆನ್ನಾಗಿ ಆಕ್ಟ್ ಮಾಡಿದ್ರಂತೆ," ಎಂದು ನಕ್ಕ ಹೆಡ್‌ಮಾಸ್ಟರಿಗೆ, "ನೀವು ಅಲ್ಲಿರಲಿಲ್ಲ ಸಾರ್," ಎಂದೆ. ಮರುದಿನವೂ ಹೋಗಿ ಅದೇ ಬೆಂಚಿನಲ್ಲಿ ಕೂತೆ.

ಒಂದು ವಾರ ಗಂಗಣ್ಣ ನನ್ನೊಡನೆ ಮಾತಾಡಲಿಲ್ಲ. ಒಂದು ಸಂಜೆ ಬೆಂಚು ಖಾಲಿಯಿದ್ದಾಗ ಹತ್ತಿರ ಬಂದ.

"ಮದ್ವೆ ಆದಾಗ ನಾನು ಕಡ್ಡಿ ಇದ್ದಂಗಿದ್ದೆ ಮೇಡಮ್ಮೋರೆ. ಬಾಗ್ಲು ಹಾಕ್ಕಂಡ್ಮೇಲೆ ಒಣಕ್ಲಾ ಅಂತ ಕರಿಯೋಳು. ಇನ್ನೊಬ್ಬರ ಕಿವಿಗೆ ಬಿದ್ದಿದ್ದಲ್ಲ ಅದು. ಇನ್ನೊಂದೇ ಒಂದ್ ಸಲ ಕರೀರಿ," ಎಂದ.

ಹೆಸರು ನನಗೆ ಗೊತ್ತಿತ್ತು. ಕರೆದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಅಂದು ಆಡಿದ್ದು ನಾಟಕವಲ್ಲ. ಈಗ ಕರೆದರೆ ನಾಟಕವೇ ಆಗುತ್ತಿತ್ತು.

"ನನಗೆ ಬರಲ್ಲ ಗಂಗಣ್ಣ," ಎಂದೆ.

ಅವನು ತಲೆಯಾಡಿಸಿ ಒಳಗೆ ಹೋದ. ಆ ಹೆಸರು ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯೂ ಇಲ್ಲ. ಹಾಗೆಂದು ಅದಕ್ಕೆ ಕೈಮುಗಿ ಎಂದರೆ, ಮುಗಿಯುವುದಿಲ್ಲ.