ಸಿಂಪಿಗೇರ ಕಾಕಾನ ಅಂಗುಸ್ತಾನ

ನಮ್ಮ ಓಣಿಯ ಸಿಂಪಿಗೇರ ಕಾಕಾರ ಬಲಗೈಯ ನಡುಬೆರಳಿಗೆ ಯಾವಾಗಲೂ ಒಂದು ಹಿತ್ತಾಳೆಯ ಅಂಗುಸ್ತಾನ ಇರುತ್ತಿತ್ತು. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ ಸಣ್ಣ ಟೊಪ್ಪಿಗೆ ಅದು. ಸೂಜಿಯ ಹಿಂಬದಿ ಒತ್ತಿ ಒತ್ತಿ ಅದರ ಮೈಯೆಲ್ಲ ಸಿಡುಬಿನ ಕಲೆ ಬಿದ್ದ ಮುಖದ ಹಾಗೆ ಆಗಿತ್ತು. ಉಣ್ಣಲು ಕೂತಾಗ ಮಾತ್ರ ಅದನ್ನು ತೆಗೆದು ತಂಬಿಗೆಯ ಪಕ್ಕದಲ್ಲಿಡುತ್ತಿದ್ದರು. ಆಗ ಆ ಬೆರಳಿನ ತುದಿ ಬೆಳ್ಳಗೆ, ಮೆತ್ತಗೆ, ಬೇರೆ ಯಾರದೋ ಬೆರಳನ್ನು ತಂದು ಅಂಟಿಸಿದಂತೆ ಕಾಣುತ್ತಿತ್ತು.

ಅಂಗುಸ್ತಾನದ ಆ ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತ ಅವರು ನಮಗೆ ಪುಸ್ತಕ ಓದಿ ಹೇಳುತ್ತಿದ್ದರು. ಹಾಳೆಯ ಮೇಲೆ ಹಿತ್ತಾಳೆ ಸರಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಮ್ಮದು ಯಲಬುರ್ಗಾ ಸೀಮೆಯ ಸಣ್ಣ ಊರು. ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಾಲಿಯಲ್ಲಿ ಉರ್ದು ಕಲಿಸುತ್ತಿದ್ದರು, ಅದೂ ಮಾಸ್ತರರು ಊರಲ್ಲಿದ್ದಾಗ. ಕನ್ನಡ ಪುಸ್ತಕ ಎಂದರೆ ಗುಡಿಯ ಗಂಟಿನಲ್ಲಿದ್ದ ಪುರಾಣ, ಅದನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಮಕ್ಕಳಿಗಾಗಿಯೇ ಚಿತ್ರ ಹಾಕಿ, ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ ಪುಸ್ತಕಗಳು ಇರುತ್ತವೆ ಎಂಬುದು ನಮಗೆ ತಿಳಿದದ್ದು ಕಾಕಾರಿಂದ. ನೂಲು, ಗುಂಡಿ ತರಲು ಅವರು ತಳಕಲ್ಲಿಗೆ ನಡೆದು ಹೋಗಿ, ರೈಲು ಹಿಡಿದು ಗದಗಿಗೆ ಹೋಗುತ್ತಿದ್ದರು. ಗದಗು ಬ್ರಿಟಿಷರ ಮುಲಕು. ಬರುವಾಗ ನೂಲಿನ ಗಂಟಿನಲ್ಲಿ ಒಂದೆರಡು ಪುಸ್ತಕ ಇರುತ್ತಿದ್ದವು. ಗಡಿಯ ಸುಂಕದ ನಾಕಾದಲ್ಲಿ ಹೊಸ ಸಾಮಾನು ಕಂಡರೆ ತಕರಾರು ತೆಗೆಯುತ್ತಿದ್ದರು. ಅದಕ್ಕೆ ಕಾಕಾ ಗದಗಿನ ಧರ್ಮಶಾಲೆಯಲ್ಲೇ ಕೂತು ಪುಸ್ತಕಗಳಿಗೆ ಹಳೆಯ ಅರಿವೆಯ ಹೊದಿಕೆ ಹೊಲಿದುಬಿಡುತ್ತಿದ್ದರು.

ಒಂದು ಸಲ ನಾಕಾದ ಜವಾನ ಗಂಟು ಬಿಚ್ಚಿಸಿದನಂತೆ.

“ಇದೇನೋ?”

“ಅಳತಿ ಪುಸ್ತಕ ಐತ್ರಿ, ಸಾಹೇಬ್ರ.”

“ಇದರಾಗ ಆನಿ ಚಿತ್ರ ಐತಲ್ಲೋ!”

“ಅದರದೂ ಒಂದು ಅಂಗಿ ಹೊಲಿಯೂದೈತ್ರಿ. ಅರಿವಿ ಸಾಲವಲ್ದು.”

ಜವಾನ ನಕ್ಕು ಬಿಟ್ಟುಬಿಟ್ಟನಂತೆ. ಕಾಕಾ ಇದನ್ನು ಹೇಳುವಾಗ ತಾವು ನಗುತ್ತಿರಲಿಲ್ಲ. ಅವರು ನಗುವ ಮನುಷ್ಯರೇ ಅಲ್ಲ.

ಹೀಗೆ ಪ್ರತಿ ಪುಸ್ತಕಕ್ಕೂ ಒಂದೊಂದು ಅರಿವೆ. ಆನೆಯದಕ್ಕೆ ಗಾದಿಯ ಪಟ್ಟಿಬಟ್ಟೆ, ನವಿಲಿನದಕ್ಕೆ ಕುಪ್ಪಸದ ಖಣ, ಕುಂಟ ಒಂಟೆಯದಕ್ಕೆ ಒರಟು ಕಂಬಳಿಯ ತುಂಡು. ಇನ್ನೂ ಓದಲು ಬಾರದವರು ಕೈಯಾಡಿಸಿ ತಮಗೆ ಬೇಕಾದ ಪುಸ್ತಕ ಹುಡುಕಿ ತೆಗೆಯುತ್ತಿದ್ದರು. ನನ್ನ ತಂಗಿ ನಿಂಗಿಗೆ ಆಗ ನಾಲ್ಕು ವರ್ಷ. ಅವಳು ದಿನಾ ಕಂಬಳಿಯದನ್ನೇ ಎಳೆದು ತರುತ್ತಿದ್ದಳು.

ಮಧ್ಯಾಹ್ನ ದೊಡ್ಡವರು ಹೊಲದಲ್ಲಿರುವಾಗ ನಾವು ಏಳು ಮಕ್ಕಳು ಅವರ ಅಂಗಡಿಯ ಕಟ್ಟೆಯ ಮೇಲೆ ಸೇರುತ್ತಿದ್ದೆವು. “ಓದೂದು ಪುಕ್ಕಟಿ ಅಲ್ಲ, ಸೂಜಿ ಪೋಣಸ್ರಿ” ಎನ್ನುತ್ತಿದ್ದರು. ಮಕ್ಕಳ ಪುಸ್ತಕದ ಅಕ್ಷರ ಅವರಿಗೆ ಕಾಣುತ್ತಿತ್ತು, ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ನಾವು ಪೋಣಿಸಿ ಅವರ ಕೊರಳಪಟ್ಟಿಗೆ ಚುಚ್ಚುತ್ತಿದ್ದೆವು. ಒಂದು ತೋಳು ಹೊಲಿದು, ಕಾಲು ನಿಲ್ಲಿಸಿ, ಒಂದು ಪುಟ ಓದುತ್ತಿದ್ದರು. ಆಮೇಲೆ ಮತ್ತೆ ಮಿಷನ್ನಿನ ಸದ್ದು. ಆ ಹೊತ್ತಿನಲ್ಲಿ ಒಂಟೆಗೆ ಮುಂದೇನಾಗುತ್ತದೆ ಎಂದು ನಾವು ಜಗಳವಾಡಬಹುದಿತ್ತು.

“ಕಾಕಾ, ಒಂಟಿ ಹೆಂಗಿರತೈತ್ರಿ?” ಎಂದು ಕೇಳಿದವನು ದಸ್ತಗೀರ. ಪಕ್ಕದ ಮನೆಯ ಪಿಂಜಾರ ಆಯಿಯ ಮೊಮ್ಮಗ.

“ಗೌಡ್ರ ಎತ್ತಿನ ಬೆನ್ನಿಗೆ ಒಂದು ಚೀಲ ಹೇರಿ, ಕಾಲಿಗೆ ಬಿದಿರು ಕಟ್ಟಿದ್ರ ಹೆಂಗಿರತೈತಿ? ಹಂಗ.”

“ನೀವು ನೋಡೀರೇನ್ರಿ?”

“ನಾ ಎಲ್ಲಿ ನೋಡ್ಲಿ? ಓದೇನಿ.”

ಕತೆಯನ್ನು ಅವರು ಬದಲಿಸುತ್ತಿರಲಿಲ್ಲ. ಒಂಟೆಯ ಕಾಲು ಇವತ್ತು ಒಂದು ದಿನವಾದರೂ ವಾಸಿಯಾಗಲಿ ಎಂದು ನಿಂಗಿ ಅಳುತ್ತಿದ್ದಳು. “ಬರದಂಗ ಓದಬೇಕವ್ವ. ಕುಂಟಿದ್ರೂ ಊರಿಗಿ ಮುಟ್ಟತೈತಿ, ತಡಿ” ಎನ್ನುತ್ತಿದ್ದರು.

ಬರೆಯಲು ಪಾಟಿ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಅಕ್ಷರ ಕಲಿಸಲು ಕಾಕಾ ಒಂದು ಆಟ ಹೂಡಿದ್ದರು. ನಾವು ಒಬ್ಬರ ಹಿಂದೊಬ್ಬರು ಸಾಲಾಗಿ ಕೂಡಬೇಕು. ಕೊನೆಯವರ ಬೆನ್ನ ಮೇಲೆ ಕಾಕಾ ಅಂಗುಸ್ತಾನದ ಬೆರಳಿನಿಂದ ಒಂದು ಅಕ್ಷರ ಬರೆಯುತ್ತಾರೆ. ಅವರು ಅದನ್ನು ತಮ್ಮ ಮುಂದಿನವರ ಬೆನ್ನ ಮೇಲೆ ಬರೆಯಬೇಕು. ಹೀಗೆ ದಾಟುತ್ತ ಹೋಗಿ, ಎಲ್ಲರಿಗಿಂತ ಮುಂದಿನವನು ಅದನ್ನು ಧೂಳಿನಲ್ಲಿ ಬರೆದು ತೋರಿಸಬೇಕು. ತುಟಿ ಪಿಟಕ್ಕೆಂದರೆ ಆಟದಿಂದ ಹೊರಗೆ. ಅಕ್ಷರ ತಿಳಿದೊಡನೆ ತಲೆ ಆಡಿಸಬೇಕು, ಆಗ ಕಾಕಾ ಮೆಲ್ಲಗೆ “ಮುಂದ ಕೊಡು” ಎನ್ನುತ್ತಿದ್ದರು. ನಿಂಗಿಗೆ ಬರುತ್ತಿದ್ದುದು ‘ಗ’ ಒಂದೇ. ಅವಳ ಬೆನ್ನಿಗೆ ಬೇರೆ ಏನು ಬಂದರೂ ಅವಳು ಮುಂದಿನವರಿಗೆ ‘ಗ’ ಬರೆದು ಕೊಡುತ್ತಿದ್ದಳು. ದಸ್ತಗೀರನಿಗೆ ಸಿಟ್ಟು ಬರುತ್ತಿತ್ತು. ಕಾಕಾ ಮಾತ್ರ, “ಇರ್ಲಿ ಬಿಡೋ, ಅಕಿ ಅಂಗಡ್ಯಾಗ ಒಂದ ಸಾಮಾನೈತಿ” ಎನ್ನುತ್ತಿದ್ದರು.

ಇನ್ನು ಸಂಸ್ಥಾನದ ಕೊನೆಯ ದಿನಗಳ ಆ ಗಲಭೆಯ ವರ್ಷದ ಮಾತು. ಊರೂರಿಗೆ ಬಂದೂಕಿನ ಗುಂಪುಗಳು ನುಗ್ಗುತ್ತಿದ್ದವು. ಅನೇಕರು ಮನೆಗೆ ಬೀಗ ಹಾಕಿ ಗಡಿ ದಾಟಿ ಗದಗಿನ ಕಡೆ ಹೋಗಿದ್ದರು. ನಮ್ಮಪ್ಪನೂ ಹಗೇವಿನಲ್ಲಿದ್ದ ಜೋಳ ತೆಗೆದು, ಗಾಡಿ ಹೇರಿಕೊಂಡು, ಅಲ್ಲಿ ಒಂದು ನೆಲೆ ನೋಡಿ ಬರಲು ಹೋಗಿದ್ದ. ಹಗೇವೆಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅವಸರಪಟ್ಟು ಇಳಿದವರು ಹೆಣವಾಗಿ ಮೇಲೆ ಬಂದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಹಿತ್ತಲಿನ ಹಗೇವು ಆಗ ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು.

ಆ ಮಧ್ಯಾಹ್ನ ಅವ್ವ ಮತ್ತು ಓಣಿಯ ಹೆಂಗಸರು ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ನಾವು ಕಟ್ಟೆಯ ಮೇಲಿದ್ದೆವು. ಒಂಟೆ ಹೊಳೆ ದಾಟುವ ಪುಟ. ಕೆರೆಯ ಕಡೆಯಿಂದ ಬಂದೂಕಿನ ಈಡು ಹಾರಿದ ಸದ್ದು ಬಂತು. ಕಾಕಾ ಪುಸ್ತಕ ಮುಚ್ಚಲಿಲ್ಲ, ಹಾಗೆಯೇ ಮಿಷನ್ನಿನ ಮೇಲೆ ಬೋರಲು ಇಟ್ಟರು. ಅದನ್ನು ಮತ್ತೆ ಓದುವುದಿದೆ ಎಂಬಂತೆ. ನಿಂಗಿಯನ್ನು ಎತ್ತಿಕೊಂಡು ನಮ್ಮನ್ನೆಲ್ಲ ನಮ್ಮ ಹಿತ್ತಲಿಗೆ ನಡೆಸಿದರು. ಪಿಂಜಾರ ಆಯಿ ತನ್ನ ಹತ್ತಿಯ ಗಂಟು, ಹಿಂಜುವ ಬಿಲ್ಲು ಹೊತ್ತುಕೊಂಡು ಹಿಂದೆಯೇ ಬಂದಳು.

ಇದನ್ನು ಹೇಳುವಾಗ ಇಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಎರಡನೆಯ ಈಡು ಹಾರಿತು, ಕೂಗು ಹತ್ತಿರವಾಯಿತು. ಕಾಕಾ ಚಿಮಣಿ ದೀಪ ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಹಗೇವಿನೊಳಗೆ ಇಳಿಬಿಟ್ಟು ಅದನ್ನೇ ನೋಡುತ್ತ ಕೂತರು.

“ಅವರು ಬಂದ್ರಲ್ಲೋ! ಇಳಸೋ ಹುಡುಗರನ್ನ!” ಎಂದು ಆಯಿ ಎದೆ ಎದೆ ಬಡಿದುಕೊಂಡಳು.

“ತಡಿ ಆಯಿ. ದೀಪ ನೋಡೂಣು.”

“ದೀಪಾ ನೋಡ್ಕೋಂತ ಕುಂಡ್ರತಿಯೇನು?”

“ದೀಪ ಆರಿದ್ರ ಇವರೂ ಆರತಾರ.”

ದೀಪ ಆರಲಿಲ್ಲ. ಕಾಕಾ ಮೊದಲು ಇಳಿದರು. ಆಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೆಳಗೆ ಕೊಟ್ಟಳು. ಮೇಲೆ ಹಾಸುಗಲ್ಲು ಎಳೆದು, ಗಾಳಿಗೆಂದು ಒಂದು ಬೆರಳಿನಷ್ಟು ಸಂದಿ ಬಿಟ್ಟು, ಅದರ ಮೇಲೆ ಹತ್ತಿ ಹರವಿ, ಪಕ್ಕದಲ್ಲಿ ಕೂತು ಹಿಂಜಲು ಶುರು ಮಾಡಿದಳು. ಬಿಲ್ಲಿನ ತಂತಿಯ ಧಿಂ ಧಿಂ ಸದ್ದು ಕಲ್ಲಿನ ಮೂಲಕ ನಮ್ಮ ತಲೆಗೆ ಇಳಿಯುತ್ತಿತ್ತು.

ಒಳಗೆ ಗೋಡೆಗುಂಟ ದುಂಡಗೆ ಕೂತಿದ್ದೆವು, ಒಬ್ಬರ ಮುಖ ಮತ್ತೊಬ್ಬರ ಬೆನ್ನಿಗೆ. ಚಿಮಣಿಯ ಬತ್ತಿ ಸಣ್ಣಗೆ ಮಾಡಿ ಕಾಕಾ ನಡುವೆ ಇಟ್ಟಿದ್ದರು. ನಿಂಗಿ ಬಿಕ್ಕಲು ಶುರು ಮಾಡಿದಳು. ಆಗಲೇ ನನ್ನ ಬೆನ್ನಿಗೆ ತಣ್ಣನೆಯ ಹಿತ್ತಾಳೆ ತಾಕಿತು. ‘ಗ’. ನನ್ನ ಮುಂದೆ ನಿಂಗಿ. ಅವಳ ಬೆನ್ನ ಮೇಲೆ ಬರೆದೆ. ಬಿಕ್ಕು ನಿಂತಿತು. ಅವಳು ತಲೆ ಆಡಿಸಿದ್ದು ನನ್ನ ಗದ್ದಕ್ಕೆ ತಾಗಿತು. ಅಕ್ಷರ ಸುತ್ತು ಹಾಕಿ ಕಾಕಾರ ಬೆನ್ನಿಗೆ ಮರಳಿತು. ಮತ್ತೆ ‘ಗ’ ಬಂತು. ಆ ದಿನ ಕಾಕಾ ಬೇರೆ ಅಕ್ಷರ ಕೊಡಲೇ ಇಲ್ಲ. ದಸ್ತಗೀರನೂ ಸಿಟ್ಟಾಗಲಿಲ್ಲ.

ಬಿಲ್ಲಿನ ಸದ್ದು ನಿಂತಿತು.

“ಏ ಮುದುಕಿ, ಮಂದಿ ಎಲ್ಲಿ ಹೋಗ್ಯಾರ?”

“ಓಡಿ ಹೋಗ್ಯಾರ್ರಿ. ನನಗ ಕಾಲಿಲ್ಲ, ಉಳದೇನಿ.”

“ಸಿಂಪಿಗ್ಯಾ?”

“ಅವನ ಮಿಷನ್ನು ಐತಲ್ರಿ ಅಲ್ಲಿ. ಅದನ್ನ ಕೇಳ್ರಿ.”

ಯಾರೋ ಹತ್ತಿಯನ್ನು ಒದ್ದರು. ಮಣ್ಣು ನಮ್ಮ ಮೇಲೆ ಉದುರಿತು. ದಸ್ತಗೀರ ತನ್ನ ಬಾಯಿಗೆ ತಾನೇ ಅಂಗಿ ತುರುಕಿಕೊಂಡಿದ್ದ. ನನ್ನ ಬೆನ್ನ ಮೇಲೆ ಬೆರಳು ನಿಲ್ಲಲಿಲ್ಲ. ಆದರೆ ಅಂಗುಸ್ತಾನ ನಡುಗುತ್ತಿತ್ತು, ‘ಗ’ದ ಗೆರೆ ಗರಗಸದ ಹಲ್ಲಿನ ಹಾಗೆ ಮೂಡುತ್ತಿತ್ತು. ಕಾಕಾ ಹೆದರಿದ್ದಾರೆಂದು ನನಗೊಬ್ಬಳಿಗೇ ಗೊತ್ತಾಯಿತು. ಅದನ್ನು ನಾನು ನಿಂಗಿಯ ಬೆನ್ನಿನ ಮೇಲೆ ನೆಟ್ಟಗೆ ಬರೆದೆ.

ಹೆಜ್ಜೆಗಳು ದೂರವಾದವು. ಸ್ವಲ್ಪ ಹೊತ್ತಿಗೆ ಅರಿವೆ ಸುಟ್ಟ ವಾಸನೆ ಬಂತು. ಚಿಮಣಿ ತಾನಾಗಿಯೇ ಕುಗ್ಗತೊಡಗಿತು. ಕಾಕಾ ನಮ್ಮನ್ನು ರೆಟ್ಟೆ ಹಿಡಿದು ನಿಲ್ಲಿಸಿದರು, ಸಣ್ಣವರನ್ನು ಸರದಿಯ ಮೇಲೆ ಹೆಗಲಿಗೆ ಏರಿಸಿಕೊಂಡು ಸಂದಿಗೆ ಮುಖ ಕೊಡಿಸಿದರು. ತಮ್ಮ ಸರದಿ ಅವರು ತೆಗೆದುಕೊಳ್ಳಲಿಲ್ಲ. ದೀಪ ಆರಿತು. ನನ್ನ ತಲೆ ಭಾರವಾಗಿ, ನಿಂತಲ್ಲೇ ನಿದ್ದೆ ಬರುವಂತಾಯಿತು. ಎಷ್ಟು ಹೊತ್ತೋ ತಿಳಿಯದು. ಕಲ್ಲು ಸರಿದಾಗ ಬೆಳಕು ಕಣ್ಣಿಗೆ ಬಡಿದು ಎಲ್ಲರೂ ಒಟ್ಟಿಗೆ ಅತ್ತೆವು. ನಮ್ಮನ್ನೆಲ್ಲ ಮೇಲೆ ಕೊಟ್ಟ ಮೇಲೆ ಕಾಕಾ ಕುಸಿದರು. ಅಷ್ಟರಲ್ಲಿ ಹಳ್ಳದಲ್ಲಿ ಅಡಗಿದ್ದ ಹೆಂಗಸರು ಬಂದಿದ್ದರು. ಅವರೇ ಸೀರೆ ಕಟ್ಟಿ ಕಾಕಾರನ್ನು ಎಳೆದರು.

ಅವರಿಗೆ ಎಚ್ಚರ ಬಂದೊಡನೆ ನಮ್ಮವ್ವ ಅವರ ಎದೆಗೆ ಗುದ್ದಿದಳು.

“ಹಗೇವಿನ್ಯಾಗ ಇಳಿಸಿದ್ಯಲ್ಲೋ ನನ್ನ ಮಕ್ಕಳನ್ನ!”

“ದೀಪ ನೋಡೇನ್ರಿ ಅಕ್ಕಾರ,” ಎಂದರು ಅವರು. “ದೀಪ ನೋಡೇನಿ.”

ಇಬ್ಬರದೂ ಸರಿ. ಮುಂದೆ ಧಾರವಾಡದ ಕಾಲೇಜಿನಲ್ಲಿ ಅಧ್ಯಾಪಕರು ಉರಿಯುವ ಮೇಣಬತ್ತಿಯ ಮೇಲೆ ಗಾಜಿನ ಪಾತ್ರೆ ಕವುಚಿ, ಅದು ಯಾಕೆ ಆರುತ್ತದೆಂದು ತೋರಿಸಿದರು. ಉತ್ತರ ನನಗೆ ಗೊತ್ತಿತ್ತು. ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಇನ್ನೂ ಸ್ವಲ್ಪ ಹೊತ್ತು ಆ ಕಲ್ಲು ಸರಿಯದೆ ಇದ್ದಿದ್ದರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ಅಂಗಡಿ ಸುಟ್ಟುಹೋಗಿತ್ತು. ಮಿಷನ್ನಿನ ಕಬ್ಬಿಣವೊಂದು ಉಳಿದಿತ್ತು. ಮರುದಿನ ಅಪ್ಪ ಬಂದು ನಮ್ಮನ್ನು ಗಡಿ ದಾಟಿಸಿದ. ತಿಂಗಳುಗಳ ಮೇಲೆ ಎಲ್ಲ ತಣ್ಣಗಾಗಿ ಮರಳಿ ಬಂದಾಗ ಕಾಕಾ ಅದೇ ಕಟ್ಟೆಯ ಮೇಲೆ ಕೈಯಿಂದ ಗುಂಡಿ ಹಚ್ಚುತ್ತ ಕೂತಿದ್ದರು. ನಿಂಗಿ ಅಭ್ಯಾಸದಂತೆ ಪುಸ್ತಕದ ಮೂಲೆಗೆ ಹೋಗಿ ಕೈಯಾಡಿಸಿ, ಬರಿಗೈಯಲ್ಲಿ ಬಂದಳು.

“ಕಾಕಾ, ಒಂಟಿ ಎಲ್ಲಿ?”

“ಹೊಳಿ ದಾಟಾಕತ್ತಿತ್ತಲ್ಲ. ಮುಂದೇನಾತು? ನೀನ ಹೇಳು.”

ಅವಳು ಹೇಳಿದಳು. ಎಷ್ಟೋ ಸಲ ಕೇಳಿದ ಕತೆ, ಒಂದು ಮಾತೂ ತಪ್ಪಲಿಲ್ಲ. ಒಂಟೆಯ ಕಾಲನ್ನು ವಾಸಿ ಮಾಡಲೂ ಇಲ್ಲ. ಕಾಕಾ ಖಾಲಿ ತೊಡೆಯ ಮೇಲೆ ಅಂಗುಸ್ತಾನ ಜಾರಿಸುತ್ತ, ಸಾಲು ಮುಗಿದಲ್ಲೆಲ್ಲ ಬೆರಳನ್ನು ಹಿಂದಕ್ಕೆ ತರುತ್ತ ಕೇಳಿದರು. ಮುಂದಿನ ಸಂತೆಯ ಹೊತ್ತಿಗೆ ಗದಗಿನಿಂದ ಒಂದು ಹೊಸ ಪುಸ್ತಕ ಬಂತು. ನಾನು ಗದಗಿನ ಸಾಲಿಗೆ ಹೋಗಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದವರೂ ಅವರೇ.

ನಾನು ಕೆಲಸಕ್ಕೆ ಸೇರಿದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಊರಿಗೆ ಹೋದೆ. ಕಣ್ಣು ಹೋಗಿದ್ದವು, ಕಿವಿಯೂ ಕೇಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಂಗುಸ್ತಾನ ತಂಬಿಗೆಯ ಪಕ್ಕದಲ್ಲಿತ್ತು. ಯಾರು ಬಂದಿದ್ದಾರೆಂದು ಹೇಗೆ ಹೇಳಲಿ? ಅದನ್ನು ನನ್ನ ಬೆರಳಿಗೆ ಹಾಕಿಕೊಂಡು, ಅವರ ಬೆನ್ನ ಮೇಲೆ ‘ಗ’ ಬರೆದೆ.

ಕಾಕಾ ತಲೆ ಆಡಿಸಿದರು. ಅವರ ಮುಂದೆ ಯಾರೂ ಇರಲಿಲ್ಲ, ಗೋಡೆಯಷ್ಟೇ ಇತ್ತು. ಬಲಗೈಯ ಆ ಬೆಳ್ಳನೆಯ ನಡುಬೆರಳು ಮೆಲ್ಲಗೆ ಎದ್ದು, ಮಣ್ಣಿನ ಗೋಡೆಯ ಮೇಲೆ ಅದೇ ಅಕ್ಷರವನ್ನು ಬರೆಯಿತು.