ಟಾಪಿನ ಮೇಲೆ ಬಡಿದ ಕೈ

ಹೋದ ವಾರ ನನ್ನ ಗ್ಯಾರೇಜಿಗೆ ಮುಂದಿನ ಬಂಪರ್ ನಜ್ಜುಗುಜ್ಜಾದ ಒಂದು ಕಾರು ಬಂತು. ಇಲ್ಲೇ ಅಮೆರಿಕದ ಆಸ್ಟಿನ್‌ನಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗನದು. ಡಿಕ್ಕಿ ತೆಗೆದು ನೋಡಿದರೆ ಒಳಗೆ ಸಾಮಾನಿನ ಚೀಲ ಉರುಳಿ, ಕರಿಬೇವಿನ ಕಟ್ಟು ಬಿಚ್ಚಿ ಚೆಲ್ಲಾಡಿತ್ತು. ಸೆಕೆಗೆ ಬಾಡಿದ ಕರಿಬೇವು, ಜೊತೆಗೆ ಸುಟ್ಟ ಟೈರಿನ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಂದಾಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ. ಆ ವಾಸನೆ ಒಬ್ಬರ ವ್ಯಾನಿನದು. ಅವರು ಹೋಗಿ ಎಷ್ಟೋ ವರ್ಷವಾಯಿತು...

ಅವರನ್ನು ನಾನು ಅಂಕಲ್ ಎಂದೇ ಕರೆಯುತ್ತಿದ್ದೆ. ಗದಗಿನ ಕಡೆಯವರು. ಹೂಸ್ಟನ್‌ನಲ್ಲಿ ತರಕಾರಿ, ಬೇಳೆ, ಕರಿಬೇವು ತುಂಬಿಕೊಂಡು ಆಸ್ಟಿನ್, ಡಲ್ಲಾಸ್‌ನ ನಮ್ಮವರ ಅಂಗಡಿಗಳಿಗೆ ಹಾಕಿ ಬರುವುದು ಅವರ ಕಸುಬು. ನಾನು ತುಮಕೂರಿನ ಗ್ಯಾರೇಜೊಂದರಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದವನು. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದೆ. ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿ ನರ್ಸ್ ಆಗಿದ್ದ ಅಕ್ಕ ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಕರೆಸಿಕೊಂಡಳು, ಇಲ್ಲೂ ಗ್ಯಾರೇಜೊಂದಕ್ಕೇ ಸೇರಿದೆ. ಅವಳ ಮನೆಗೆ ಬರುವ ಇಂಜಿನಿಯರುಗಳು "ಯಾವ ಕಂಪನಿ ನಿಮ್ದು?" ಎಂದು ಕೇಳುತ್ತಿದ್ದರು. ಗ್ಯಾರೇಜು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅದರಿಂದ ನನಗೇನೂ ಕಡಿಮೆಯಾಗಲಿಲ್ಲ. ದುಡಿದು ತಿಂದ ಕೈ ಇದು, ಯಾರ ಮುಂದೆಯೂ ಚಾಚಿದ್ದಿಲ್ಲ. ಅಂಕಲ್ ಮಾತ್ರ ಮೊದಲ ದಿನವೇ "ಗೇರ್ ಯಾಕೋ ಜಾರಾಕತ್ತೈತಿ, ಒಂದೀಟು ನೋಡತೀಯೇನು ತಮ್ಮಾ?" ಎಂದು ಹೆಗಲ ಮೇಲೆ ಕೈ ಹಾಕಿದವರು.

ಅವರಿಗೆ ಒಂದು ಹುಚ್ಚಿತ್ತು. ಶನಿವಾರ ಸಂಜೆಯ ಕಾರ್ ರೇಸು. ಟೀವಿಯಲ್ಲಿ ತೋರಿಸುವ ದೊಡ್ಡ ಸ್ಪೀಡ್‌ವೇ ಅಲ್ಲ. ಹೂಸ್ಟನ್-ಆಸ್ಟಿನ್ ಹಾದಿಯಲ್ಲಿ, ದನ ಮೇಯುವ ಬಯಲಿನ ನಡುವೆ, ಜೇಡಿಮಣ್ಣಿನ ಒಂದು ಪುಟ್ಟ ಟ್ರ್ಯಾಕು. ಮೆಕ್ಯಾನಿಕ್ಕುಗಳು, ಗುಜರಿಯವರು ತಾವೇ ವೆಲ್ಡ್ ಮಾಡಿದ ಗಾಡಿ ತಂದು ಅಲ್ಲಿ ಸುತ್ತು ಹೊಡೆಯುತ್ತಿದ್ದರು. ವಾರದ ಕೊನೆಯ ಲೋಡು ಇಳಿಸಿ ಬರುವಾಗ ಅಂಕಲ್ ವ್ಯಾನನ್ನು ಅತ್ತ ತಿರುಗಿಸುತ್ತಿದ್ದರು. ಶನಿವಾರ ಮಧ್ಯಾಹ್ನವೇ ಗ್ಯಾರೇಜು ಮುಚ್ಚುತ್ತಿದ್ದರಿಂದ ನಾನೂ ಜೊತೆಗಿರುತ್ತಿದ್ದೆ. ಹಲಗೆಯ ಮೇಲೆ ಕೂತು, ಆಂಟಿ ಕಟ್ಟಿಕೊಟ್ಟ ಚುರುಮುರಿಯ ಜೊತೆ ಟ್ರ್ಯಾಕಿನ ಮಣ್ಣನ್ನೂ ಅಷ್ಟಿಷ್ಟು ತಿನ್ನುತ್ತ ನೋಡುತ್ತಿದ್ದೆವು.

"ಮನ್ಯಾಗ ಕುಕ್ಕರ್ ಸೀಟಿ ಹೊಡದರ ತಲಿ ನೋಯತೈತಿ ಅಂತಾರ," ಎಂದು ಆಂಟಿ ನನ್ನೆದುರೇ ಹಂಗಿಸುತ್ತಿದ್ದರು. "ಅಲ್ಲಿ ಅಷ್ಟು ಗಾಡಿ ಒದರಿದರೂ ಜೋಗುಳ ಕೇಳಿದಂಗ ಕುಂದರತಾರ ನೋಡಪಾ."

"ಕುಕ್ಕರಿನ್ಯಾಗ ಯಾರೂ ಯಾರನ್ನೂ ಹಿಂದ ಹಾಕೂದಿಲ್ಲಲಾ," ಎಂದು ಅಂಕಲ್ ಚಪ್ಪಲಿ ಮೆಟ್ಟುತ್ತಿದ್ದರು.

ಯಾರು ಗೆದ್ದರು ಎಂಬುದು ಅವರಿಗೆ ಬೇಕಿರಲಿಲ್ಲ. ಗಾಡಿಗೆ ಗಾಡಿ ತಗುಲಿ ಒಂದು ಗಿರ್ರನೆ ತಿರುಗಿ ನಿಂತಿತೋ, ಆಗ ಅವರ ಸಂಜೆ ಶುರುವಾಗುತ್ತಿತ್ತು. ತಪ್ಪು ಯಾರದು? ಮುಂದಿನವನು ಅಡ್ಡ ಬಂದ ಎಂದು ನಾನು. ಹಿಂದಿನವಗ ಕಣ್ಣಿಲ್ಲೇನು ಎಂದು ಅವರು. ಮೈಕಿನವನು ಇದು ರೇಸಿಂಗ್ ಇನ್ಸಿಡೆಂಟ್, ಯಾರದೂ ತಪ್ಪಲ್ಲ ಎಂದು ಹೇಳಿ ಮುಗಿಸಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಯಾರದೂ ತಪ್ಪಿಲ್ಲಂದರ ಅದೇನು ಬುಗುರಿ ಏನಲೇ, ತಾನಾಗೇ ತಿರಗಾಕ?" ಮುಂದೆ ಕೂತ ಬಿಳಿಯರು ತಿರುಗಿ ನೋಡುತ್ತಿದ್ದರು. ಮನೆ ತಲುಪುವವರೆಗೂ ನಾವು ಅದನ್ನೇ ಎಳೆದಾಡುತ್ತಿದ್ದೆವು. ಅಷ್ಟು ಸೊಗಸಾಗಿ ನನ್ನ ಹತ್ತಿರ ಆಮೇಲೆ ಯಾರೂ ಜಗಳಾಡಿಲ್ಲ.

ಆ ಟ್ರ್ಯಾಕಿನಲ್ಲಿ ಒಂದು ಪದ್ಧತಿಯಿತ್ತು. ಗಾಡಿಯೊಂದು ತಿರುಗಿ ನಿಂತರೆ ಹಳದಿ ದೀಪ ಹತ್ತುತ್ತಿತ್ತು, ಉಳಿದವರೆಲ್ಲ ನಿಧಾನವಾಗುತ್ತಿದ್ದರು. ಆಗ ಗುದ್ದಿದ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ತನ್ನ ಗಾಡಿಯ ಟಾಪಿನ ಮೇಲೆ ಎರಡು ಸಲ ಬಡಿಯಬಹುದು. ನಾನು ಮಾಡಿದ್ದು ಎಂದು ಅದರ ಅರ್ಥ. ಬಡಿದವನು ತಾನಾಗಿಯೇ ಎಲ್ಲರ ಹಿಂದೆ ಹೋಗಿ ನಿಲ್ಲಬೇಕು. ತಿರುಗಿ ನಿಂತವನಿಗೆ ಮೊದಲಿನ ಜಾಗ ವಾಪಸ್ಸು. ಬಡಿಯಲೇಬೇಕೆಂಬ ಒತ್ತಾಯವೇನಿಲ್ಲ. ಬಹಳ ಜನ ಬಡಿಯುತ್ತಲೂ ಇರಲಿಲ್ಲ.

ಒಮ್ಮೆ ಹಸಿರು ಗಾಡಿಯವನೊಬ್ಬ, ಇನ್ನೇನು ಗೆದ್ದೇ ಬಿಟ್ಟ ಎನ್ನುವಾಗ, ಮುಂದಿದ್ದ ಒಂದೇ ಗಾಡಿಗೆ ಚೂರು ತಾಗಿದ, ಅದು ತಿರುಗಿ ನಿಂತಿತು. ತಾಗಿದ್ದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ, ನಾನಂತೂ ನೋಡಿರಲಿಲ್ಲ. ಮೈಕಿನವನು ರೇಸಿಂಗ್ ಇನ್ಸಿಡೆಂಟ್ ಅಂದೂ ಆಗಿತ್ತು. ಅಷ್ಟರಲ್ಲಿ ಹಸಿರು ಗಾಡಿಯಿಂದ ಒಂದು ಕೈ ಹೊರಗೆ ಬಂದು ಟಾಪಿನ ಮೇಲೆ ಬಡಿಯಿತು. ಅಂಕಲ್ ಎದ್ದು ನಿಂತು ಟೊಪ್ಪಿಗೆ ತೆಗೆದರು.

"ದೀಪ ಹಚ್ಚಾವಗ ಗಾಡಿ ಕಾಣತಾವ," ಎಂದರು, ಟೊಪ್ಪಿಗೆ ಮತ್ತೆ ಹಾಕಿಕೊಳ್ಳುತ್ತ. "ಗ್ಯಾಸ್ ಪೆಡಲ್ ಮ್ಯಾಲಿನ ಕಾಲು ಕಾಣತೈತೇನು? ಅದು ಓಡಸಾವಗ ಒಬ್ಬಗ ಗೊತ್ತು. ಇಂಥಾದು ನಮ್ಮ ಕೈಲೆ ಆಗತೈತೋ ಇಲ್ಲೋ, ತಮ್ಮಾ..."

ಅದು ಆದ ಮುಂದಿನ ಬೇಸಿಗೆ ಇರಬೇಕು. ಆಸ್ಟಿನ್‌ನಲ್ಲಿ ಲೋಡು ಇಳಿಸಿ ಹೊರಟಾಗ ಹೊತ್ತಾಗಿತ್ತು. ರೇಸಿನ ಮೊದಲ ಸುತ್ತುಗಳು ತಪ್ಪುತ್ತವೆ ಎಂದು ಇಬ್ಬರಿಗೂ ಆತುರ. ವ್ಯಾನಿನ ಹಿಂದೆ ಅಂಗಡಿಯವರು ಬೇಡವೆಂದು ಬಿಟ್ಟ ಕರಿಬೇವಿನ ಡಬ್ಬಗಳು ಮಾತ್ರ ಇದ್ದವು. ಪಕ್ಕದ ರಸ್ತೆಯಿಂದ ಫ್ರೀವೇಗೆ ಏರಿ ಬಂದ ಒಂದು ಚಿಕ್ಕ ಕಾರು ನಮ್ಮ ಮುಂದೆ ನುಗ್ಗಿತು, ನುಗ್ಗಿದ್ದೇ ಬ್ರೇಕ್ ಹಾಕಿತು. ಟೈರು ಕಿರುಚಿದ್ದು ಗೊತ್ತು. ಆಮೇಲೆ ನೋಡಿದರೆ ನನ್ನ ತೊಡೆಯ ಮೇಲೆ, ಅಂಕಲ್ ತಲೆಯ ಮೇಲೆ, ಎಲ್ಲೆಲ್ಲೂ ಕರಿಬೇವು.

ಕಾರಿನಿಂದ ಇಳಿದವನು ಇನ್ನೂ ಮೀಸೆ ಬಲಿಯದ ಒಬ್ಬ ಮೆಕ್ಸಿಕನ್ ಹುಡುಗ. ಕುತ್ತಿಗೆ ಹಿಡಿದುಕೊಂಡು ನಡುಗುತ್ತಿದ್ದ. ನಮಗೇನೂ ಆಗಿರಲಿಲ್ಲ.

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮವರು ಹೇಳಿಕೊಡುವ ಮೊದಲ ಪಾಠ ಇದು: ಆಕ್ಸಿಡೆಂಟ್ ಆದರೆ ಬಾಯಿ ಬಿಡಬೇಡ. ಅಪ್ಪಿತಪ್ಪಿಯೂ ಸಾರಿ ಅನ್ನಬೇಡ, ಅಂದರೆ ತಪ್ಪು ನಿನ್ನ ತಲೆಗೆ ಬಂತು. ಅಕ್ಕ ನನಗೆ ಮಾಲಿನಲ್ಲಿ ಎಸ್ಕಲೇಟರ್ ಹತ್ತುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸಿದ್ದಳು. ಅಂಕಲ್‌ಗೂ ಇದು ಗೊತ್ತಿತ್ತು. ಅವರ ಇನ್ಶೂರೆನ್ಸ್ ಆಗಲೇ ಒಂದು ಎಳೆಯಲ್ಲಿ ನೇತಾಡುತ್ತಿತ್ತು, ಅದು ಹೋದರೆ ವ್ಯಾನಿಲ್ಲ, ವ್ಯಾನಿಲ್ಲದಿದ್ದರೆ ಕಸುಬಿಲ್ಲ. ಅದಕ್ಕೇ ಪೊಲೀಸಿನವನು ಬಂದಾಗ ನಾನೇ ಮುಂದೆ ಹೋದೆ. ನನಗೆ ಆಗ ಇದ್ದ ಇಂಗ್ಲಿಷೆಲ್ಲ ಒಟ್ಟುಗೂಡಿಸಿ, ಅವನು ಅಡ್ಡ ಬಂದ, ಸಡನ್ ಬ್ರೇಕ್ ಹಾಕಿದ, ನಾನು ಕಣ್ಣಾರೆ ನೋಡಿದೆ ಎಂದು ಹೇಳಿದೆ. ಪೊಲೀಸಿನವನು ಬರೆದುಕೊಂಡ. ಜೀವನದಲ್ಲಿ ಮೊದಲ ಸಲ ಒಬ್ಬ ಬಿಳಿಯ ಅಧಿಕಾರಿ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದ.

ಆಗ ಹಿಂದಿನಿಂದ ಸದ್ದಾಯಿತು. ಅಂಕಲ್ ತುದಿಗಾಲ ಮೇಲೆ ನಿಂತು, ಕೈ ಎತ್ತಿ ವ್ಯಾನಿನ ಟಾಪಿನ ಅಂಚಿನ ಮೇಲೆ ಎರಡು ಸಲ ಬಡಿದಿದ್ದರು. ಪೊಲೀಸಿನವನಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು.

"ಮೈ ಮಿಸ್ಟೇಕ್, ಸರ್," ಎಂದರು. ನನ್ನತ್ತ ಬೆರಳು ತೋರಿಸಿ, "ಹಿ ಡಿಡ್ ನಾಟ್ ಸೀ."

ಪೊಲೀಸಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಬರೆದದ್ದರ ಮೇಲೆ ಒಂದು ಗೆರೆ ಎಳೆದ. ಆ ಗೆರೆ... ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಏಳನೇ ಕ್ಲಾಸಿನವನಾದರೂ ನಾನು ಸುಳ್ಳುಗಾರ ಅನ್ನಿಸಿಕೊಂಡವನಲ್ಲ.

ವ್ಯಾನನ್ನು ಎಳೆದು ತಂದ ಟೋ ಟ್ರಕ್ಕಿನಲ್ಲಿ ಪಕ್ಕ ಪಕ್ಕ ಕೂತು ವಾಪಸು ಬಂದೆವು. "ಯಾಕೆ ಅಂಕಲ್?" ಎಂದು ಒಂದೇ ಸಲ ಕೇಳಿದೆ. "ಹಿಂದ ಇದ್ದಂವ ನಾನಲಾ," ಎಂದರು. ಪಾಪದ ಹುಡುಗನ ಮೇಲೆ ಕನಿಕರ ಬಂದು ನನ್ನ ಮಾನ ತೆಗೆದರು ಎಂದುಕೊಂಡೆ.

ಇನ್ಶೂರೆನ್ಸಿನವರು ಕೈಬಿಟ್ಟರು. ಆ ವಯಸ್ಸಿಗೆ, ಆ ಕೇಸಿನ ಮೇಲೆ, ಬೇರೆಯವರು ಯಾರೂ ಹತ್ತಿರ ಸೇರಿಸಲಿಲ್ಲ. ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬರು ಅವರಿಗೆ ಕೇಳುವಂತೆಯೇ ಅಂದರು: "ಬಾಯಿ ಮುಚ್ಕೊಂಡಿದ್ದಿದ್ರೆ ವ್ಯಾನ್ ಉಳೀತಿತ್ತು." ವ್ಯಾನಿನ ಮೂತಿಯನ್ನು ನಾನೇ ಸರಿಮಾಡಿದೆ. ಅಂಕಲ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದರು. ನಾನು ಸುತ್ತಿಗೆಗೆ ಬಿಡುವೇ ಕೊಡಲಿಲ್ಲ, ಕೊಟ್ಟರೆ ಮಾತಾಡಬೇಕಾಗುತ್ತಿತ್ತು. ಸರಿಮಾಡಿದ ವ್ಯಾನು ಬೇರೆಯವರ ಪಾಲಾಯಿತು. ಅಂಕಲ್, ಆಂಟಿ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದ ಮಗಳ ಮನೆಗೆ ಶಿಫ್ಟ್ ಆದರು. ಶನಿವಾರಗಳು ಖಾಲಿಯಾದವು. ಒಬ್ಬನೇ ಒಂದು ಸಲ ಟ್ರ್ಯಾಕಿಗೆ ಹೋಗಿ, ಅರ್ಧಕ್ಕೇ ಎದ್ದು ಬಂದೆ.

ಕೆಲವು ವರ್ಷಗಳ ಮೇಲೆ ನಾನು ಆಸ್ಟಿನ್‌ನಲ್ಲಿ ಸ್ವಂತ ಗ್ಯಾರೇಜು ಹಾಕಿದೆ. ಯಾವುದೋ ಕೆಲಸಕ್ಕೆ ಡಲ್ಲಾಸ್ ಕಡೆ ಹೋದವನು, ಏನಾದರಾಗಲಿ ಎಂದು ಪ್ಲೇನೋಗೆ ಹೋಗಿ ಬಾಗಿಲು ಬಡಿದೆ. "ಈಗ ದಾರಿ ಸಿಕ್ಕಿತೇನಪಾ?" ಎಂದು ಆಂಟಿ ಚಾ ಮಾಡಲು ಒಳಗೆ ಹೋದರು. ಅಂಕಲ್ ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದರು. ತೀರ ಇಳಿದುಹೋಗಿದ್ದರು. ಟೀವಿಯಲ್ಲಿ ದೊಡ್ಡ ಸ್ಪೀಡ್‌ವೇ ರೇಸು, ಸದ್ದು ಬಂದ್ ಮಾಡಿತ್ತು. ಸಕ್ಕರೆ ಕಾಯಿಲೆ, ಬಿಸಿಲು, ಅಕ್ಕನ ಮಕ್ಕಳು... ಎಲ್ಲ ಮಾತಾಯಿತು. ಅಷ್ಟರಲ್ಲಿ ತೆರೆಯ ಮೇಲೆ ಒಂದು ಗಾಡಿ ತಿರುಗಿ ಗೋಡೆಗೆ ಬಡಿಯಿತು. ಹಿಂದಿನವಗ ಕಣ್ಣಿಲ್ಲೇನು ಎನ್ನುತ್ತಾರೆಂದು ನಾನು ಕಾದೆ. ಬಾಯಿಗೆ ಉತ್ತರವೂ ಬಂದಿತ್ತು.

"ಕಾಲು ತಗೀಲಿಲ್ಲ ನೋಡು," ಎಂದರು.

"ಯಾವ ಗಾಡಿ ಅಂಕಲ್?"

"ನಂದು." ಕಣ್ಣು ಟೀವಿಯ ಮೇಲೇ ಇತ್ತು. "ಆ ಹುಡುಗ ಬರೂದು ನನಗ ಮೊದಲ ಕಂಡಿತ್ತು. ಇಂವಗ್ಯಾಕ ಜಾಗಾ ಬಿಡಲಿ, ಅವನಽ ನಿಂದ್ರಲಿ ಅಂದೆ. ಗ್ಯಾಸ್ ಮ್ಯಾಲಿನ ಕಾಲು ತಗೀಲಿಲ್ಲ. ರೇಸಿಗೆ ಹೊತ್ತಾಗಿತ್ತಲಾ..."

"ಅವತ್ತೇ ಹೇಳಬಹುದಿತ್ತಲ್ಲ ನನಗೆ."

"ಪೊಲೀಸನ ಮುಂದ ನಾಚಿಕಿ ಬರಲಿಲ್ಲೋ. ನಿನ್ನ ಮುಂದ ಬಂತು. ವರ್ಷಗಟ್ಟಲೆ ನಿನಗ ಹಿಂದಿನವಂದಽ ತಪ್ಪು ಅಂತ ಹೇಳಿಕೋತ ಬಂದಾಂವ ನಾನು."

ನನ್ನ ಸೀಟಿನಿಂದ ನನಗೆ ರಸ್ತೆ ಕಾಣುತ್ತಿತ್ತು. ಕಂಡದ್ದನ್ನೇ ಹೇಳಿದ್ದೆ. ಅವರ ಕಾಲು ನನಗೆ ಕಾಣುತ್ತಿರಲಿಲ್ಲ. ಇಷ್ಟನ್ನು ಅಲ್ಲೇ ಅವರೆದುರು ಬಾಯಿಬಿಟ್ಟು ಹೇಳಬೇಕಿತ್ತೋ ಏನೋ... ಆಂಟಿ ಚಾ ತಂದರು. ಕುಡಿದು, ಮತ್ತೆ ಬರುತ್ತೇನೆಂದು ಎದ್ದೆ. ಮತ್ತೆ ಹೋಗುವಷ್ಟರಲ್ಲಿ ಆಂಟಿಯ ಫೋನೇ ಬಂತು. ಆ ಮಣ್ಣಿನ ಟ್ರ್ಯಾಕೂ ಈಗ ಇಲ್ಲ; ಬೇಲಿ ಹಾಕಿ ಬಿಟ್ಟಿದ್ದಾರೆ, ಒಳಗೆ ಹುಲ್ಲು ಬೆಳೆದಿದೆ.

ನಿನ್ನೆ ಆ ಹುಡುಗ ಕಾರು ಒಯ್ಯಲು ಬಂದ. "ನಂದೇನೂ ತಪ್ಪಿಲ್ಲ ಅಂಕಲ್. ಮುಂದಿನವನು ಸಡನ್ನಾಗಿ ಬ್ರೇಕ್ ಹಾಕ್ದ. ಇನ್ಶೂರೆನ್ಸ್‌ನವರಿಗೂ ಹಾಗೇ ಹೇಳಿದೀನಿ."

"ನೀನು ಕಾಲು ಯಾವಾಗ ತೆಗೆದೆ?"

"ಅಂದ್ರೆ?"

"ಗ್ಯಾಸ್ ಮೇಲಿಂದ."

ಹುಡುಗ ನಕ್ಕುಬಿಟ್ಟ. "ಅದನ್ನೆಲ್ಲ ಯಾರು ನೋಡ್ತಾರೆ ಅಂಕಲ್?"

ಕೀ ಕೊಟ್ಟೆ. ರಿಪೇರಿಯಾದ ಗಾಡಿಯ ಟಾಪಿನ ಮೇಲೆ ಒಮ್ಮೆ ತಟ್ಟಿ ಕಳಿಸುವುದು ನನ್ನ ರೂಢಿ. ನಿನ್ನೆ ಕೈ ಅಲ್ಲಿಯವರೆಗೂ ಹೋಗಿ ನಿಂತಿತು, ತಟ್ಟಲಾಗಲಿಲ್ಲ. ಕಾರು ಹೋದ ಮೇಲೆ ನೆಲದಲ್ಲಿ ಒಣಗಿ ಬಿದ್ದಿದ್ದ ಕರಿಬೇವನ್ನು ಗುಡಿಸಿದೆ. ಹಿಂದಿನವನದೋ ಮುಂದಿನವನದೋ ಎಂದು ಜಗಳ ತೆಗೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಒಂದು ಬಕೆಟ್ಟು ಮಾತ್ರ ಬೋರಲು ಬಿದ್ದಿತ್ತು.